ಸೂಲಿಬೆಲೆಯ ಠಾಣೆ, ಹೊಸಕೋಟೆಯ ನ್ಯಾಯಾಲಯ: ಕುಡಿದು ವಾಹನ ನಡೆಸಿದ ಪ್ರಕರಣಗಳ ದಾಖಲೆಗಳು ಬೆಳೆದುಬಂದ ಬಗೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕು ಕಸಬಾ, ಜಡಿಗೇನಹಳ್ಳಿ, ಅನುಗೊಂಡನಹಳ್ಳಿ, ನಂದಗುಡಿ ಮತ್ತು ಸೂಲಿಬೆಲೆ ಎಂಬ ಐದು ಹೋಬಳಿಗಳಾಗಿ ವಿಂಗಡವಾಗಿದೆ. ಇವುಗಳಲ್ಲಿ ಸೂಲಿಬೆಲೆಯು ಹೋಬಳಿಯ ಕೇಂದ್ರವಾಗಿರುವುದಲ್ಲದೆ ತನ್ನದೇ ಪೊಲೀಸ್ ಠಾಣೆಯನ್ನೂ ಹೊಂದಿದೆ. ಆದರೆ ಆ ಠಾಣೆಯಲ್ಲಿ ದಾಖಲಾದ ಪ್ರಕರಣವು ವಿಚಾರಣೆಗೆ ಬರುವುದು ತಾಲ್ಲೂಕು ಕೇಂದ್ರವಾದ ಹೊಸಕೋಟೆಯ ನ್ಯಾಯಾಲಯದಲ್ಲಿ, ಠಾಣೆಯ ಮೇಲ್ವಿಚಾರಣೆ ನಡೆಯುವುದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಕಚೇರಿಯಿಂದ. ಹೀಗಾಗಿ ಕುಡಿದು ವಾಹನ ನಡೆಸಿದ ತೀರ ಸಾಧಾರಣವಾದ ಒಂದು ಪ್ರಕರಣದ ಕಾಗದಗಳೂ ಒಂದೆಡೆ ಸಿಗುವುದಿಲ್ಲ. ಬಂಧನದ ವಿವರ ಠಾಣೆಯಲ್ಲಿ ಉಳಿಯುತ್ತದೆ, ರಕ್ತಪರೀಕ್ಷೆ ಆಗಿದ್ದರೆ ಅದರ ವರದಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಿಂದ ಬರುತ್ತದೆ, ತೀರ್ಪು ನ್ಯಾಯಾಲಯದ ದಾಖಲೆ ಕೊಠಡಿಯನ್ನು ಸೇರುತ್ತದೆ, ಚಾಲನಾ ಪರವಾನಗಿಯ ಮೇಲಿನ ಕ್ರಮ ಸಾರಿಗೆ ಇಲಾಖೆಯ ಕಡತಕ್ಕೆ ಹೋಗುತ್ತದೆ. ಈ ಚದುರಿಕೆ ಇಂದು ನಿನ್ನೆಯದಲ್ಲ. ಮೈಸೂರು ಸಂಸ್ಥಾನದ ಕಾಲದಿಂದ ಆಡಳಿತ ಬೆಳೆದುಬಂದ ಕ್ರಮವೇ ಅದನ್ನು ಉಂಟುಮಾಡಿದೆ. ಆ ಕ್ರಮವನ್ನು ಅರಿತವರಿಗೆ ಮಾತ್ರ ಯಾವ ಕಾಗದವನ್ನು ಎಲ್ಲಿ, ಯಾವ ಹಕ್ಕಿನ ಆಧಾರದ ಮೇಲೆ ಕೇಳಬೇಕೆಂಬುದು ತಿಳಿಯುತ್ತದೆ.

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡ ಮೇಲೆ, ವಿಶೇಷವಾಗಿ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ, ಹಳ್ಳಿಯಿಂದ ಬೆಂಗಳೂರಿನವರೆಗೆ ಲಿಖಿತ ವರದಿಗಳ ಒಂದು ಸರಪಳಿ ಗಟ್ಟಿಯಾಗಿ ಕೂಡಿಕೊಂಡಿತು. ಹಳ್ಳಿಯಲ್ಲಿ ಪಟೇಲ ಮತ್ತು ಶಾನುಭೋಗ, ಅವರ ಕೈಕೆಳಗೆ ಕಾವಲಿಗೆ ತಳವಾರ ಮತ್ತು ತೋಟಿ, ಹೋಬಳಿಯಲ್ಲಿ ಶೇಕ್ದಾರ, ತಾಲ್ಲೂಕಿನಲ್ಲಿ ಅಮಲ್ದಾರ ಎಂಬ ಈ ಏಣಿಯಲ್ಲಿ ಅಮಲ್ದಾರನಿಗೆ ಕಂದಾಯ ವಸೂಲಿಯ ಹೊಣೆಯ ಜೊತೆಗೆ ಸಣ್ಣಪುಟ್ಟ ಅಪರಾಧಗಳನ್ನು ವಿಚಾರಿಸುವ ಮ್ಯಾಜಿಸ್ಟ್ರೇಟನ ಅಧಿಕಾರವೂ ಇತ್ತು. ಅಂದರೆ ಸೂಲಿಬೆಲೆಯ ಸಂತೆಯಲ್ಲಿ ಕುಡಿದು ಗಲಾಟೆ ಮಾಡಿದವನೊಬ್ಬನ ಸುದ್ದಿ ಪಟೇಲನ ಮೂಲಕ ಹೊಸಕೋಟೆಯ ತಾಲ್ಲೂಕು ಕಚೇರಿಯನ್ನು ತಲುಪಿದರೆ, ಅದನ್ನು ವಿಚಾರಿಸುತ್ತಿದ್ದುದು ಭೂಕಂದಾಯದ ಲೆಕ್ಕ ನೋಡುವ ಅಧಿಕಾರಿಯೇ ಆಗಿದ್ದನು. 1860ರ ಭಾರತೀಯ ದಂಡ ಸಂಹಿತೆಯ 510ನೆಯ ಪ್ರಕರಣವು ಸಾರ್ವಜನಿಕ ಸ್ಥಳದಲ್ಲಿ ಅಮಲೇರಿ ಇತರರಿಗೆ ಕಿರಿಕಿರಿ ಮಾಡಿದವನಿಗೆ 24 ಗಂಟೆಗಳವರೆಗಿನ ಸಾದಾ ಸೆರೆ ಅಥವಾ 10 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಿತ್ತು. ಇಷ್ಟು ಚಿಕ್ಕ ಶಿಕ್ಷೆಯ ಪ್ರಕರಣಕ್ಕೆ ಉದ್ದನೆಯ ಕಡತ ಬೆಳೆಯುವ ಪ್ರಶ್ನೆಯೇ ಇರಲಿಲ್ಲ; ರಿಜಿಸ್ಟರಿನ ಒಂದು ಸಾಲು, ಕಟ್ಟಿದ ದಂಡದ ಲೆಕ್ಕ, ಇಷ್ಟರಲ್ಲಿ ಅದು ಮುಗಿಯುತ್ತಿತ್ತು.

ಇದಕ್ಕೆ ಹೋಲಿಸಿದರೆ ಕುಡಿತದಿಂದ ಬರುವ ಆದಾಯದ ಲೆಕ್ಕವನ್ನು ಸಂಸ್ಥಾನವು ಅತ್ಯಂತ ಎಚ್ಚರದಿಂದ ಬರೆದಿಟ್ಟಿತು. ಮದ್ಯದ ತಯಾರಿಕೆ ಮತ್ತು ಮಾರಾಟದ ಮೇಲಿನ ಸುಂಕದ ಆಡಳಿತಕ್ಕೆ ಅಬಕಾರಿ ಎಂಬ ಹೆಸರು. ಈಚಲು ಮರಗಳಿಂದ ಇಳಿಸುವ ಹೆಂಡ, ಭಟ್ಟಿ ಇಳಿಸಿದ ಸಾರಾಯಿ, ಅಂಗಡಿಗಳ ಹರಾಜು, ಗುತ್ತಿಗೆದಾರರ ಬಾಕಿ ಇವುಗಳ ವಿವರಗಳು ಅಬಕಾರಿ ಕಡತಗಳಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋದವು. 1901ರ ಮೈಸೂರು ಅಬಕಾರಿ ರೆಗ್ಯುಲೇಷನ್ ಈ ವ್ಯವಸ್ಥೆಗೆ ಶಾಸನದ ಚೌಕಟ್ಟನ್ನು ಒದಗಿಸಿತು. ಕುಡಿತ ಸರ್ಕಾರಕ್ಕೆ ತಂದುಕೊಟ್ಟ ಹಣದ ಲೆಕ್ಕಕ್ಕೆ ಸಿಕ್ಕ ಗೌರವ, ಕುಡಿತದಿಂದ ಹಳ್ಳಿಯವರಿಗೆ ಆದ ಹಾನಿಯ ಲೆಕ್ಕಕ್ಕೆ ಸಿಗಲಿಲ್ಲ ಎಂಬುದನ್ನು ಈ ಭಾಗದ ಇತಿಹಾಸ ಬರೆಯುವವರು ಮರೆಯುವಂತಿಲ್ಲ. ಹೊಸಕೋಟೆ ಸೀಮೆಯ ಕುಡಿತದ ಸಾಮಾಜಿಕ ಚರಿತ್ರೆಯನ್ನು ಬರೆಯಹೊರಟವರು ಅಬಕಾರಿ ವರದಿಗಳನ್ನಷ್ಟೇ ನಂಬಿದರೆ ಅಂಗಡಿಗಳು ಕಾಣಿಸುತ್ತವೆ, ಮನೆಗಳು ಕಾಣಿಸುವುದಿಲ್ಲ.

ಆ ಮನೆಗಳ ಕಡೆಗೆ ಸ್ವಲ್ಪವಾದರೂ ಬೆಳಕು ಬೀರುವ ಪುಸ್ತಕವೊಂದು ಪೊಲೀಸ್ ಠಾಣೆಯಲ್ಲಿತ್ತು. 1861ರ ಪೊಲೀಸ್ ಕಾಯ್ದೆಯ 44ನೆಯ ಪ್ರಕರಣವು ಪ್ರತಿ ಠಾಣಾಧಿಕಾರಿಯೂ ಒಂದು ಸಾಮಾನ್ಯ ದಿನಚರಿಯನ್ನು ಇಡಬೇಕೆಂದೂ, ಬಂದ ದೂರುಗಳು, ಬಂಧಿತರ ಹೆಸರುಗಳು, ಅವರ ಮೇಲಿನ ಆರೋಪಗಳು, ಅವರಿಂದ ವಶಪಡಿಸಿಕೊಂಡ ವಸ್ತುಗಳು ಮುಂತಾದವನ್ನು ಅದರಲ್ಲಿ ನಮೂದಿಸಬೇಕೆಂದೂ ವಿಧಿಸಿತ್ತು. ಕರ್ನಾಟಕದಲ್ಲಿ ಠಾಣಾ ದಿನಚರಿ ಎಂದು ಕರೆಯಲಾಗುವ ಪುಸ್ತಕದ ಹಿಂದಿರುವುದು ಇದೇ ಪರಂಪರೆ. ಮೈಸೂರು ಸಂಸ್ಥಾನವು 1908ರಲ್ಲಿ ತನ್ನದೇ ಪೊಲೀಸ್ ರೆಗ್ಯುಲೇಷನ್ ಮಾಡಿಕೊಂಡಿತು. ಏಕೀಕರಣದ ಬಳಿಕ 1963ರ ಪೊಲೀಸ್ ಕಾಯ್ದೆ ರಾಜ್ಯಕ್ಕೆಲ್ಲ ಅನ್ವಯವಾಯಿತು. ಇದೇ ಅವಧಿಯಲ್ಲಿ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲಿಕೆ ಮತ್ತು ಶಾನುಭೋಗಿಕೆ ಕೊನೆಗೊಂಡವು. ಅಪರಾಧದ ಸುದ್ದಿಯನ್ನು ಹಳ್ಳಿಯಿಂದ ಮೇಲಕ್ಕೆ ಮುಟ್ಟಿಸುವ ಹಳೆಯ ದಾರಿ ಹೀಗೆ ಮುಚ್ಚಿತು. ಪಟೇಲನ ಚಾವಡಿಯಲ್ಲಿ ಬೈದು ಬುದ್ಧಿ ಹೇಳಿ ಮುಗಿಸುತ್ತಿದ್ದ ಎಷ್ಟೋ ಸಂಗತಿಗಳು ಅಂದಿನಿಂದ ಒಂದೋ ಠಾಣೆಯ ಪುಸ್ತಕಕ್ಕೆ ಏರಿದವು, ಇಲ್ಲವೇ ಎಲ್ಲಿಯೂ ದಾಖಲಾಗದೆ ಉಳಿದವು.

ಕುಡಿತ ಮತ್ತು ವಾಹನ ಎರಡೂ ಸೇರಿ ಒಂದು ಪ್ರತ್ಯೇಕ ಅಪರಾಧವೆಂದು ಪರಿಗಣಿತವಾದುದಕ್ಕೆ ಮೋಟಾರು ಯುಗವೇ ಕಾರಣ. ಲಂಡನ್ನಿನಲ್ಲಿ 1897ರ ಸೆಪ್ಟೆಂಬರಿನಲ್ಲಿ ಟ್ಯಾಕ್ಸಿ ಚಾಲಕನೊಬ್ಬನಿಗೆ ಇದೇ ತಪ್ಪಿಗಾಗಿ 25 ಷಿಲಿಂಗ್ ದಂಡ ಬಿದ್ದಿತ್ತು. ಭಾರತದಲ್ಲಿ 1939ರ ಮೋಟಾರು ವಾಹನ ಕಾಯ್ದೆಯ 117ನೆಯ ಪ್ರಕರಣವು, ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲಾರದಷ್ಟು ಮದ್ಯದ ಅಥವಾ ಮಾದಕ ದ್ರವ್ಯದ ಪ್ರಭಾವಕ್ಕೆ ಒಳಗಾಗಿ ನಡೆಸುವುದನ್ನು ಅಪರಾಧವೆಂದಿತು. ಹತೋಟಿ ತಪ್ಪಿತ್ತೆಂದು ತೋರಿಸಲು ಆಗ ಇದ್ದ ಸಾಧನವೆಂದರೆ ವೈದ್ಯರ ಅಭಿಪ್ರಾಯ: ಬಾಯಿಯ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣಪಾಪೆ, ತೊದಲು ಮಾತು. 1971ರಲ್ಲಿ ಮಹಾರಾಷ್ಟ್ರದಿಂದ ಬಂದ ಬಚ್ಚೂಭಾಯಿ ಕರ್ಯಾನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ರಕ್ತ ಮತ್ತು ಮೂತ್ರದ ಪರೀಕ್ಷೆಯಿಲ್ಲದೆ ಇಂಥ ಲಕ್ಷಣಗಳನ್ನಷ್ಟೇ ಆಧರಿಸಿ ವ್ಯಕ್ತಿ ಮದ್ಯ ಸೇವಿಸಿದ್ದನೆಂದು ತೀರ್ಮಾನಿಸುವುದು ಸಲ್ಲದೆಂಬ ನಿಲುವು ತಳೆಯಿತು. ಆ ಕಾಲದ ಪ್ರಕರಣಗಳ ಕಡತವನ್ನು ಇಂದು ತೆರೆಯುವವರು ಸಂಖ್ಯೆಗಳನ್ನು ನಿರೀಕ್ಷಿಸಬಾರದು. ಅಲ್ಲಿರುವುದು ಸರ್ಕಾರಿ ಆಸ್ಪತ್ರೆಯ ವೈದ್ಯರೊಬ್ಬರ ಕೈಬರಹದ ವಿವರಣೆ, ಮತ್ತು ಆ ವಿವರಣೆಯನ್ನು ಪಾಟೀಸವಾಲಿನಲ್ಲಿ ಅಲುಗಾಡಿಸಲು ಆರೋಪಿಯ ವಕೀಲರು ನಡೆಸಿದ ಪ್ರಯತ್ನ.

ಅಮೆರಿಕದ ಇಂಡಿಯಾನಾದಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ರೂಪಿಸಿದ ಉಸಿರು ಪರೀಕ್ಷಕ ಯಂತ್ರ ಈ ಬಗೆಯ ಪುರಾವೆಯನ್ನೇ ಬದಲಿಸಿತು. ಬ್ರಿಟನ್ 1967ರಲ್ಲಿ ರಕ್ತದಲ್ಲಿನ ಮದ್ಯಸಾರಕ್ಕೆ ಶಾಸನಬದ್ಧ ಮಿತಿ ಗೊತ್ತುಪಡಿಸಿತು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದು, ಹಳೆಯ 117ರ ಜಾಗವನ್ನು 185ನೆಯ ಪ್ರಕರಣ ತೆಗೆದುಕೊಂಡಿತು. ಮೊದಲಿಗೆ ರಕ್ತದಲ್ಲಿ ಎಷ್ಟೇ ಅಲ್ಪ ಪ್ರಮಾಣದ ಮದ್ಯಸಾರವಿದ್ದರೂ ಅಪರಾಧವೆಂದಿದ್ದ ಆ ಪ್ರಕರಣವನ್ನು 1994ರಲ್ಲಿ ತಿದ್ದಿ, ಉಸಿರು ಪರೀಕ್ಷೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮೀರಿದ ಮದ್ಯಸಾರ ಕಂಡುಬಂದರೆ ಅಪರಾಧವೆಂದು ಮಾಡಲಾಯಿತು. ಪೊಲೀಸರ ಬಾಯಲ್ಲಿ ಆಲ್ಕೋಮೀಟರ್ ಎನಿಸಿಕೊಂಡ, ಜನರು ಊದಿಸುವ ಯಂತ್ರ ಎಂದು ಗುರುತಿಸುವ ಉಪಕರಣದ ಮುದ್ರಿತ ಚೀಟಿ ಇಂಥ ಪ್ರಕರಣಗಳ ಮುಖ್ಯ ದಾಖಲೆಯಾದದ್ದು ಹೀಗೆ. ಚೀಟಿಯ ಮೇಲಿನ ಅಂಕಿ, ದಿನಾಂಕ ಮತ್ತು ವೇಳೆ ಆರೋಪಿಗೂ ಅಷ್ಟೇ ಮುಖ್ಯ, ಏಕೆಂದರೆ ಕಾಯ್ದೆಯ 202ನೆಯ ಪ್ರಕರಣದಂತೆ ವಾರಂಟ್ ಇಲ್ಲದೆ ಬಂಧಿಸಲಾದ ವ್ಯಕ್ತಿಯನ್ನು ಎರಡು ಗಂಟೆಗಳೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಡುಗಡೆ ಮಾಡಬೇಕು. ಬಂಧನದ ವೇಳೆಗೂ ಪರೀಕ್ಷೆಯ ವೇಳೆಗೂ ನಡುವಿನ ಅಂತರವನ್ನು ತೋರಿಸುವ ಕಾಗದ ಕಡತದಲ್ಲಿ ಇದೆಯೇ ಇಲ್ಲವೇ ಎಂಬುದರ ಮೇಲೆ ಕೆಲವೊಮ್ಮೆ ಇಡೀ ಪ್ರಕರಣ ನಿಂತಿರುತ್ತದೆ.

ಹೆಲ್ಮೆಟ್ ಇಲ್ಲದ್ದಕ್ಕೋ ಪರವಾನಗಿ ಇಲ್ಲದ್ದಕ್ಕೋ ದಂಡ ಕಟ್ಟಿ ರಸೀದಿ ಪಡೆದು ಮುಂದೆ ಸಾಗುವಂತೆ 185ನೆಯ ಪ್ರಕರಣದಲ್ಲಿ ಸಾಗಲಾಗದು. ಅಪರಾಧಿಯಿಂದ ಹಣ ಕಟ್ಟಿಸಿಕೊಂಡು ಪ್ರಕರಣವನ್ನು ಅಲ್ಲಿಗೇ ಮುಗಿಸುವುದನ್ನು ಕಾನೂನಿನ ಭಾಷೆಯಲ್ಲಿ ರಾಜಿ ಎನ್ನುತ್ತಾರೆ. ಯಾವ ಅಪರಾಧಗಳನ್ನು ಹಾಗೆ ಮುಗಿಸಬಹುದೆಂದು ಹೇಳುವ 200ನೆಯ ಪ್ರಕರಣದ ಪಟ್ಟಿಯಲ್ಲಿ 185 ಇಲ್ಲ. ಆದ್ದರಿಂದ ಸೂಲಿಬೆಲೆ ಠಾಣೆಯ ಸರಹದ್ದಿನಲ್ಲಿ ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದವನೊಬ್ಬನ ಪ್ರಕರಣ ಎಷ್ಟೇ ಚಿಕ್ಕದಾದರೂ ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು, ಅಲ್ಲಿ ಒಂದು ದಾಖಲೆ ಹುಟ್ಟಲೇಬೇಕು. ಇಂಥ ಪ್ರಕರಣಗಳನ್ನು ಸಂಕ್ಷಿಪ್ತ ವಿಚಾರಣೆ ಎಂಬ ಕ್ರಮದಲ್ಲಿ ನಡೆಸಬಹುದಾಗಿದ್ದು, ಆ ಕ್ರಮದಲ್ಲಿ ಏನೇನನ್ನು ಬರೆದಿಡಬೇಕೆಂಬುದನ್ನು 1973ರ ದಂಡ ಪ್ರಕ್ರಿಯಾ ಸಂಹಿತೆಯ 263ನೆಯ ಪ್ರಕರಣ ಹತ್ತು ಬಾಬುಗಳಲ್ಲಿ ಹೇಳಿತ್ತು. ಕ್ರಮಸಂಖ್ಯೆ, ಅಪರಾಧ ನಡೆದ ದಿನ, ದೂರು ಬಂದ ದಿನ, ದೂರುದಾರನ ಹೆಸರು, ಆರೋಪಿಯ ಹೆಸರು ಮತ್ತು ತಂದೆಯ ಹೆಸರು ಹಾಗೂ ವಾಸಸ್ಥಳ, ಆರೋಪಿಸಲಾದ ಅಪರಾಧ, ಆರೋಪಿಯ ಒಪ್ಪಿಗೆ ಅಥವಾ ನಿರಾಕರಣೆ, ನ್ಯಾಯಾಲಯದ ತೀರ್ಮಾನ, ಶಿಕ್ಷೆ, ನಡವಳಿ ಮುಗಿದ ದಿನ. ಗ್ರಾಮೀಣ ತಾಲ್ಲೂಕೊಂದರ ರಸ್ತೆಗಳ ಮೇಲೆ ಯಾವ ವರ್ಷ ಏನು ನಡೆಯಿತೆಂಬುದನ್ನು ತಿಳಿಯಲು ಇಷ್ಟು ಸಾಂದ್ರವಾದ ಮತ್ತೊಂದು ಆಕರ ಸಿಗುವುದು ಕಷ್ಟ. ಆದರೂ ಸ್ಥಳೀಯ ಚರಿತ್ರೆಕಾರರು ಶಾಸನ ಮತ್ತು ಕೈಫಿಯತ್ತುಗಳಿಗೆ ತೋರಿದ ಪ್ರೀತಿಯ ಒಂದಂಶವನ್ನೂ ಈ ರಿಜಿಸ್ಟರುಗಳಿಗೆ ತೋರಿಲ್ಲ.

ಈ ಸಾಲುಗಳು ನ್ಯಾಯಾಲಯಕ್ಕೂ ಬೇಕಾಗುತ್ತವೆ. 185ನೆಯ ಪ್ರಕರಣದಡಿ ಮೊದಲ ಅಪರಾಧಕ್ಕೆ ಆರು ತಿಂಗಳವರೆಗಿನ ಸೆರೆ ಅಥವಾ ದಂಡ ಅಥವಾ ಎರಡೂ ಇದ್ದು, 1988ರಲ್ಲಿ 2,000 ರೂಪಾಯಿವರೆಗೆ ಇದ್ದ ದಂಡವು 2019ರ ತಿದ್ದುಪಡಿಯಿಂದ 10,000 ರೂಪಾಯಿಯಾಯಿತು. ಮರಳಿ ಅದೇ ಅಪರಾಧ ಮಾಡಿದವನಿಗೆ ಸೆರೆ ಎರಡು ವರ್ಷಗಳವರೆಗೆ ಏರುತ್ತದೆ, ದಂಡ 15,000 ರೂಪಾಯಿಗೆ ಏರುತ್ತದೆ. ಅಪರಾಧ ಎರಡನೆಯದೆಂದು ಹೇಳಬೇಕಾದರೆ ಮೊದಲನೆಯದು ಸಾಬೀತಾಗಿತ್ತೆಂಬುದಕ್ಕೆ ಲಿಖಿತ ಆಧಾರ ಬೇಕು. ಹಿಂದಿನ ಶಿಕ್ಷೆಯನ್ನು ಸಾಬೀತುಪಡಿಸಲು, ಆ ತೀರ್ಪು ಕೊಟ್ಟ ನ್ಯಾಯಾಲಯದ ದಾಖಲೆಗಳ ಪಾಲಕರು ಸಹಿ ಮಾಡಿದ ಪ್ರಮಾಣಿತ ಉದ್ಧೃತಿಯನ್ನು ಹಾಜರುಪಡಿಸಬಹುದೆಂದು ದಂಡ ಪ್ರಕ್ರಿಯಾ ಸಂಹಿತೆಯ 298ನೆಯ ಪ್ರಕರಣ ಹೇಳಿತ್ತು. ಶಿಕ್ಷೆಯಾದವನನ್ನು ಚಾಲನಾ ಪರವಾನಗಿ ಹೊಂದುವುದರಿಂದ ಕನಿಷ್ಠ ಆರು ತಿಂಗಳ ಕಾಲ ಅನರ್ಹಗೊಳಿಸಬೇಕೆಂಬ ಮೋಟಾರು ವಾಹನ ಕಾಯ್ದೆಯ 20ನೆಯ ಪ್ರಕರಣದ ಆದೇಶವೂ ತೀರ್ಪಿನ ಪ್ರತಿ ಸಾರಿಗೆ ಇಲಾಖೆಯನ್ನು ತಲುಪಿದಾಗ ಮಾತ್ರ ಫಲಕಾರಿಯಾಗುತ್ತದೆ. ಒಂದು ಹಾಳೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗದೆ ಉಳಿದರೆ ಎರಡನೆಯ ಬಾರಿ ಅಪರಾಧ ಮಾಡಿದವನು ಮೊದಲ ಬಾರಿ ಮಾಡಿದವನಂತೆ ಹಗುರವಾದ ಶಿಕ್ಷೆ ಪಡೆದು ಮತ್ತೆ ರಸ್ತೆಗಿಳಿಯುತ್ತಾನೆ. ಇದು ಜೀವಹಾನಿಗೆ ದಾರಿಮಾಡುವ ಲೋಪವಾದ್ದರಿಂದ ಇದನ್ನು ಗುಮಾಸ್ತಿಕೆಯ ಸಣ್ಣ ಸಂಗತಿಯೆಂದು ತಳ್ಳಿಹಾಕುವುದು ತಪ್ಪು.

ಹೊಸಕೋಟೆಯಲ್ಲಿ ಈ ಕಾಗದಗಳು ಇರುವ ಜಾಗವೂ ಕಾಲಕಾಲಕ್ಕೆ ಬದಲಾಗಿದೆ. 1974ರ ಏಪ್ರಿಲ್ 1ರಂದು 1973ರ ಸಂಹಿತೆ ಜಾರಿಗೆ ಬಂದಾಗ ಅಪರಾಧಗಳ ವಿಚಾರಣೆಯು ಉಚ್ಚ ನ್ಯಾಯಾಲಯದ ಅಧೀನದಲ್ಲಿರುವ ನ್ಯಾಯಿಕ ಮ್ಯಾಜಿಸ್ಟ್ರೇಟರದೆಂದು ದೇಶದ ಬಹುಭಾಗದಲ್ಲಿ ಸ್ಥಿರವಾಯಿತು. ತಾಲ್ಲೂಕು ಕಚೇರಿಯ ಅಧಿಕಾರಿಗೆ ಶಾಂತಿಪಾಲನೆಯಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟನ ಕೆಲಸಗಳಷ್ಟೇ ಉಳಿದವು. ಹಾಗಾಗಿ ಹಳೆಯ ಪ್ರಕರಣಗಳನ್ನು ಅರಸುವವರಿಗೆ ತಾಲ್ಲೂಕು ಕಚೇರಿಯ ರುಮಾಲುಗಳೂ, ಅಂದರೆ ಬಟ್ಟೆಯಲ್ಲಿ ಕಟ್ಟಿಟ್ಟ ಕಡತದ ಗಂಟುಗಳೂ, ಮುಖ್ಯವಾಗುತ್ತವೆ. ಈಚಿನ ಪ್ರಕರಣಗಳಿಗೆ ನ್ಯಾಯಾಲಯವೇ ಗತಿ. 1986ರಲ್ಲಿ ಬೆಂಗಳೂರು ಜಿಲ್ಲೆ ಇಬ್ಭಾಗವಾಗಿ ಗ್ರಾಮಾಂತರ ಜಿಲ್ಲೆ ರೂಪುಗೊಂಡಿತು, 2007ರಲ್ಲಿ ಮಾಗಡಿ, ಕನಕಪುರ, ಚನ್ನಪಟ್ಟಣ ಮತ್ತು ರಾಮನಗರ ತಾಲ್ಲೂಕುಗಳು ಪ್ರತ್ಯೇಕ ರಾಮನಗರ ಜಿಲ್ಲೆಯಾದವು. ಹೊಸಕೋಟೆ ತಾಲ್ಲೂಕು ಗ್ರಾಮಾಂತರದಲ್ಲಿಯೇ ಉಳಿಯಿತು. 1986ಕ್ಕಿಂತ ಹಿಂದಿನ ಸೂಲಿಬೆಲೆಯ ಪ್ರಕರಣವೊಂದು ಮೇಲ್ಮನವಿಗೆ ಹೋಗಿದ್ದರೆ ಅದರ ಜಾಡನ್ನು ಅಂದಿನ ಅಖಂಡ ಬೆಂಗಳೂರು ಜಿಲ್ಲೆಯ ಹೆಸರಿನಲ್ಲಿಯೇ ಹಿಡಿಯಬೇಕು.

ದಾಖಲೆ ಇರುವುದು ಒಂದು ಮಾತು, ಅದನ್ನು ನೋಡಲು ಯಾರಿಗೆ ಹಕ್ಕಿದೆ ಎಂಬುದು ಬೇರೆಯೇ ಮಾತು. ಬಂಧನದ ಮಾಹಿತಿಯನ್ನು ಠಾಣೆಯ ಗೋಡೆಗಳಿಂದ ಹೊರತಂದ ಶ್ರೇಯಸ್ಸು ಬಹುಮಟ್ಟಿಗೆ ಸರ್ವೋಚ್ಚ ನ್ಯಾಯಾಲಯದ 1996ರ ಡಿ.ಕೆ. ಬಸು ತೀರ್ಪಿಗೆ ಸಲ್ಲಬೇಕು. ಪಶ್ಚಿಮ ಬಂಗಾಳದಿಂದ ಬಂದ ಆ ಪ್ರಕರಣದಲ್ಲಿ, ಬಂಧನದ ವೇಳೆ ಮತ್ತು ದಿನಾಂಕವನ್ನು ಬರೆದ ಬಂಧನ ಪತ್ರಕ್ಕೆ ಸಾಕ್ಷಿಯ ಸಹಿ ಇರಬೇಕು, ಬಂಧಿತನ ಆಪ್ತರಿಗೆ ಸುದ್ದಿ ಮುಟ್ಟಬೇಕು, ಜಿಲ್ಲಾ ನಿಯಂತ್ರಣ ಕೊಠಡಿಯ ಫಲಕದಲ್ಲಿ ಬಂಧನದ ವಿವರ ಕಾಣಬೇಕು ಎಂದು ನ್ಯಾಯಾಲಯ ನಿರ್ದೇಶಿಸಿತು. ಇವುಗಳಲ್ಲಿ ನಿಯಂತ್ರಣ ಕೊಠಡಿಯ ಫಲಕದ ನಿರ್ದೇಶನವು ಮುಂದೆ ಶಾಸನಕ್ಕೆ ಸೇರಿ 1973ರ ಸಂಹಿತೆಯ 41ಸಿ ಪ್ರಕರಣವಾಯಿತು. ಆ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೆಯ ಪ್ರಕರಣವು, ಬಂಧಿತರ ಹೆಸರು, ವಿಳಾಸ ಮತ್ತು ಆರೋಪದ ಸ್ವರೂಪವನ್ನು ಪ್ರತಿ ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಎದ್ದು ಕಾಣುವಂತೆ ಪ್ರಕಟಿಸಬೇಕೆಂದೂ, ಅದಕ್ಕಾಗಿ ಸಹಾಯಕ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರನ್ನು ಗೊತ್ತುಮಾಡಬೇಕೆಂದೂ ಹೇಳುತ್ತದೆ. ಈ ಫಲಕದ ಉದ್ದೇಶ ಬಂಧಿತನ ರಕ್ಷಣೆ, ಅವನ ಮಾನಹರಣವಲ್ಲ. ಮಗ ರಾತ್ರಿ ಮನೆಗೆ ಬಾರದಿದ್ದಾಗ ತಾಯಿಯೊಬ್ಬಳು ಠಾಣೆಗೆ ಬಂದು ವಿಚಾರಿಸಿದರೆ ಉತ್ತರ ಸಿಗಬೇಕೆಂಬುದಕ್ಕಾಗಿ ಅದು ಹುಟ್ಟಿತು.

ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್, ಅಪರಾಧದ ಬಗ್ಗೆ ಠಾಣೆಗೆ ಮೊದಲು ಬಂದ ಮಾಹಿತಿಯ ಬರಹ. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸೂಕ್ಷ್ಮ ಸ್ವರೂಪದವುಗಳನ್ನು ಬಿಟ್ಟು ಉಳಿದೆಲ್ಲ ಎಫ್‌ಐಆರ್‌ಗಳನ್ನು 24 ಗಂಟೆಗಳೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದಿತು. ಸಂಪರ್ಕ ದುರ್ಲಭವಾದ ಸ್ಥಳಗಳಿಗೆ 72 ಗಂಟೆಗಳವರೆಗೆ ಅವಕಾಶ ಕೊಟ್ಟಿತು. ಅಂದಿನಿಂದ ಸೂಲಿಬೆಲೆ ಠಾಣೆಯ ಎಫ್‌ಐಆರ್ ನೋಡಲು ಸೂಲಿಬೆಲೆಗೇ ಹೋಗಬೇಕಾದ ಅಗತ್ಯವಿಲ್ಲದೆ, ರಾಜ್ಯ ಪೊಲೀಸ್ ಇಲಾಖೆಯ ತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ ಮತ್ತು ಅಪರಾಧ ಸಂಖ್ಯೆಯನ್ನು ಕೊಟ್ಟು ಹುಡುಕುವ ದಾರಿ ತೆರೆಯಿತು. ಆದರೆ ಇಲ್ಲಿ ಅನೇಕರು ಎಡವುತ್ತಾರೆ. ಅಪಘಾತವಾಗದೆ, ತಪಾಸಣೆಯ ವೇಳೆ ಮಾತ್ರ ಸಿಕ್ಕಿಬಿದ್ದ ಚಾಲಕರ ಮೇಲಿನ ಪ್ರಕರಣಗಳನ್ನು ಸಾಮಾನ್ಯವಾಗಿ ಠಾಣೆಯವರು ಪಿಟಿ ಕೇಸು, ಅಂದರೆ ಸಣ್ಣ ಪ್ರಕರಣ, ಎಂದು ಕರೆದು ಎಫ್‌ಐಆರ್ ಇಲ್ಲದೆಯೇ ನೇರವಾಗಿ ನ್ಯಾಯಾಲಯಕ್ಕೆ ವರದಿ ಸಲ್ಲಿಸುವುದುಂಟು. ಅಂಥವು ಎಫ್‌ಐಆರ್ ಪಟ್ಟಿಯಲ್ಲಿ ಕಾಣದಿದ್ದರೆ ಪ್ರಕರಣವೇ ನಡೆದಿಲ್ಲವೆಂದು ತಿಳಿಯುವುದು ಸರಿಯಲ್ಲ. ತನಿಖೆ ಮುಗಿದ ಮೇಲೆ ಸಲ್ಲಿಸುವ ದೋಷಾರೋಪಣಾ ಪಟ್ಟಿಯನ್ನು ಹೀಗೆ ಎಲ್ಲರಿಗೂ ತೆರೆದಿಡಬೇಕೆಂಬ ಕೋರಿಕೆಯನ್ನು 2023ರ ಜನವರಿಯಲ್ಲಿ ಸೌರವ್ ದಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತಿರಸ್ಕರಿಸಿತು. ಅದರ ಪ್ರತಿಯನ್ನು ಉಚಿತವಾಗಿ ಪಡೆಯುವುದು ಆರೋಪಿಯ ಹಕ್ಕು.

ನ್ಯಾಯಾಲಯದ ಕಡೆಯ ದಾರಿ ಇನ್ನೂ ಹಳೆಯದು, ಮತ್ತು ಅದೇ ಹೆಚ್ಚು ಗಟ್ಟಿಯಾದುದು. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 74ನೆಯ ಪ್ರಕರಣವು ನ್ಯಾಯಾಲಯಗಳ ನಡವಳಿಗಳನ್ನು ಸಾರ್ವಜನಿಕ ದಸ್ತಾವೇಜುಗಳೆಂದು ಕರೆಯಿತು. 76ನೆಯದು, ನೋಡುವ ಹಕ್ಕುಳ್ಳ ವ್ಯಕ್ತಿ ಶುಲ್ಕ ಕೊಟ್ಟು ಕೇಳಿದಾಗ ಪ್ರಮಾಣಿತ ಪ್ರತಿಯನ್ನು ಕೊಡಬೇಕೆಂದಿತು. ಇದೇ ವಿಧಿ ಇಂದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೆಯ ಪ್ರಕರಣದಲ್ಲಿ ಮುಂದುವರಿದಿದೆ. 1973ರ ಸಂಹಿತೆಯ 363ನೆಯ ಪ್ರಕರಣ ಇದನ್ನು ಇನ್ನಷ್ಟು ವಿಸ್ತರಿಸಿತು: ಸೆರೆವಾಸದ ಶಿಕ್ಷೆಯಾದ ಆರೋಪಿಗೆ ತೀರ್ಪಿನ ಪ್ರತಿ ಕೂಡಲೇ ಉಚಿತವಾಗಿ, ತೀರ್ಪಿನಿಂದ ಬಾಧಿತರಾದವರಿಗೆ ಅರ್ಜಿಯ ಮೇಲೆ, ಸಂಬಂಧವೇ ಇಲ್ಲದ ಮೂರನೆಯವರಿಗೂ ಉಚ್ಚ ನ್ಯಾಯಾಲಯ ಮಾಡುವ ನಿಯಮಗಳಿಗೆ ಒಳಪಟ್ಟು. ಕರ್ನಾಟಕದಲ್ಲಿ ಅಧೀನ ನ್ಯಾಯಾಲಯಗಳ ಇಂಥ ಕೆಲಸಗಳಿಗೆ 1968ರ ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟೀಸ್ ಆಧಾರ. ಹೊಸಕೋಟೆಯ ನ್ಯಾಯಾಲಯದ ನಕಲು ಶಾಖೆಗೆ ಅರ್ಜಿ ಹಾಕುವವರು ಪ್ರಕರಣ ಸಂಖ್ಯೆ, ಉಭಯ ಪಕ್ಷಗಳ ಹೆಸರು, ತೀರ್ಪಿನ ದಿನಾಂಕ, ಬೇಕಾದ ಕಾಗದದ ವಿವರ ಇವನ್ನು ಬರೆದು ಶುಲ್ಕ ತೆರುತ್ತಾರೆ. ಪ್ರಕರಣಕ್ಕೆ ಹೊರಗಿನವರಾದರೆ ತಮಗೆ ಅದು ಏಕೆ ಬೇಕೆಂದು ಪ್ರಮಾಣಪತ್ರದ ಮೂಲಕ ತಿಳಿಸಿ ನ್ಯಾಯಾಧೀಶರ ಅನುಮತಿ ಪಡೆಯುತ್ತಾರೆ.

ಪ್ರಕರಣ ಸಂಖ್ಯೆಯೇ ತಿಳಿಯದವರಿಗೆ ಇ-ಕೋರ್ಟ್ಸ್ ಯೋಜನೆ ದೊಡ್ಡ ಉಪಕಾರ ಮಾಡಿದೆ. ಆ ವ್ಯವಸ್ಥೆಯಲ್ಲಿ ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ; ಅದು ಗೊತ್ತಿಲ್ಲದಿದ್ದರೂ ಜಿಲ್ಲೆ ಮತ್ತು ನ್ಯಾಯಾಲಯವನ್ನು ಆಯ್ದುಕೊಂಡು ಪಕ್ಷಗಾರನ ಹೆಸರು, ವಕೀಲರ ಹೆಸರು, ಅಥವಾ ಠಾಣೆ ಮತ್ತು ಎಫ್‌ಐಆರ್ ಸಂಖ್ಯೆಯ ಮೂಲಕ ಹುಡುಕಬಹುದು. ತೆರೆಯ ಮೇಲೆ ಕಾಣುವ ವಿವರಕ್ಕೆ ಪ್ರಮಾಣಿತ ಪ್ರತಿಯ ಬೆಲೆ ಇಲ್ಲ. ಒಂದೇ ಹೆಸರಿನ ಹತ್ತಾರು ಜನರಿರುವ ತಾಲ್ಲೂಕಿನಲ್ಲಿ ಹೆಸರನ್ನಷ್ಟೇ ನೋಡಿ ಒಬ್ಬನನ್ನು ಅಪರಾಧಿಯೆಂದು ಎಣಿಸುವುದು ಘೋರ ಅನ್ಯಾಯಕ್ಕೆ ದಾರಿಯಾಗುತ್ತದೆ. ತಂದೆಯ ಹೆಸರು, ಊರು ಮತ್ತು ತೀರ್ಪಿನ ಸ್ವರೂಪವನ್ನು ತಾಳೆ ನೋಡದೆ ಯಾವ ನಿರ್ಣಯಕ್ಕೂ ಬರಬಾರದು.

ಮಾಹಿತಿ ಹಕ್ಕಿನ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬರುವ ಮೊದಲೇ ಈ ರಾಜ್ಯ 2000ದಲ್ಲಿ ತನ್ನದೇ ಮಾಹಿತಿ ಹಕ್ಕು ಅಧಿನಿಯಮವನ್ನು ಮಾಡಿಕೊಂಡಿತ್ತು. ಈಗ 10 ರೂಪಾಯಿ ಶುಲ್ಕದೊಡನೆ, ರಾಜ್ಯದ ನಿಯಮದಂತೆ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳನ್ನು ಮೀರದಂತೆ ಬರೆದ ಅರ್ಜಿಗೆ 30 ದಿನಗಳೊಳಗೆ ಉತ್ತರ ಬರಬೇಕು. ಒಂದು ವರ್ಷದಲ್ಲಿ ಸೂಲಿಬೆಲೆ ಠಾಣೆಯಲ್ಲಿ 185ನೆಯ ಪ್ರಕರಣದಡಿ ಎಷ್ಟು ಪ್ರಕರಣಗಳಾದವು, ಎಷ್ಟರಲ್ಲಿ ಶಿಕ್ಷೆಯಾಯಿತು, ಉಸಿರು ಪರೀಕ್ಷಾ ಯಂತ್ರದ ನಿಖರತೆಯನ್ನು ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ ಎಂಬಂಥ ಪ್ರಶ್ನೆಗಳಿಗೆ ಇದು ತಕ್ಕ ಸಾಧನ. ನ್ಯಾಯಾಲಯದ ಪ್ರತಿಗಳಿಗೆ ಇದು ದಾರಿಯಲ್ಲ. 2020ರ ಮಾರ್ಚ್ 4ರಂದು ಗುಜರಾತ್ ಉಚ್ಚ ನ್ಯಾಯಾಲಯಕ್ಕೆ ಸಂಬಂಧಿಸಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ನ್ಯಾಯಾಲಯದ ನಿಯಮಗಳಲ್ಲಿ ಪ್ರತಿ ಪಡೆಯುವ ಕ್ರಮ ಇರುವಾಗ ಅದನ್ನೇ ಅನುಸರಿಸಬೇಕೆಂದು ಹೇಳಿದೆ. ಮತ್ತೊಬ್ಬ ವ್ಯಕ್ತಿಯ ಖಾಸಗಿ ವಿವರಗಳಿಗೂ ಮಾಹಿತಿ ಹಕ್ಕು ಕಾಯ್ದೆಯಡಿ ತಡೆಯಿದೆ.

ಖಾಸಗಿತನದ ಚರ್ಚೆಯಲ್ಲಿ ಕರ್ನಾಟಕದ ಪಾಲು ಹಿರಿದು. ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದ 2017ರ ಆಗಸ್ಟ್ 24ರ ತೀರ್ಪಿಗೆ ಕಾರಣರಾದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ವಾಸುನಾಥನ್ ಪ್ರಕರಣದಲ್ಲಿ, ಮಹಿಳೆಯೊಬ್ಬರ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಆದೇಶದೊಡನೆ ಕಾಣಿಸದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತ್ತು. ಅಮೆರಿಕದ ಹಲವು ರಾಜ್ಯಗಳಲ್ಲಿ ಬಂಧಿತನ ಭಾವಚಿತ್ರವೂ ಸಾರ್ವಜನಿಕ ದಾಖಲೆಯಾಗಿ, ತೀರ್ಪು ಬರುವ ಮೊದಲೇ ಖಾಸಗಿ ವ್ಯಾಪಾರಿಗಳ ಸರಕಾಗುವುದುಂಟು. ಬಂಧನ ಅಪರಾಧದ ಸಾಬೀತಲ್ಲವಾದ್ದರಿಂದ ಆ ಮಾದರಿಯನ್ನು ಇಲ್ಲಿಗೆ ತರಬಾರದು. ಬಂಧನದ ಫಲಕವು ಕುಟುಂಬಕ್ಕೂ ವಕೀಲನಿಗೂ, ತೀರ್ಪು ಎಲ್ಲರಿಗೂ ಎಂಬ ವಿವೇಕವೇ ಈ ನೆಲಕ್ಕೆ ಒಪ್ಪುವಂಥದು.

ಈ ಕಾಗದಗಳಿಗಾಗಿ ಹೆಚ್ಚು ಅಲೆಯುವವರು ಅಪಘಾತದಲ್ಲಿ ತಮ್ಮವರನ್ನು ಕಳೆದುಕೊಂಡವರು. ಹಳೇ ಮದರಾಸು ರಸ್ತೆ ಹಾದುಹೋಗುವ ಹೊಸಕೋಟೆ ತಾಲ್ಲೂಕಿನ ಸಂಚಾರ, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬಹಳ ಹೆಚ್ಚಿತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಹೊಸಕೋಟೆಗೆ ಜೋಡಿಸುವ ಉಪನಗರ ವರ್ತುಲ ರಸ್ತೆ ಸೂಲಿಬೆಲೆಯ ಸೀಮೆಯನ್ನೂ ಮುಟ್ಟಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಹೆದ್ದಾರಿಯಿಂದ 500 ಮೀಟರ್ ಒಳಗೆ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ 220 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು 2016-17ರಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಆದರೂ ಅಪಘಾತವಾದಾಗ ಮೃತರ ಮನೆಯವರು ಪರಿಹಾರಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕಾಗುತ್ತದೆ, ಅಲ್ಲಿ ಚಾಲಕ ಕುಡಿದಿದ್ದನೇ ಎಂಬ ಪ್ರಶ್ನೆಯನ್ನು ವಿಮಾ ಕಂಪನಿ ಎತ್ತುತ್ತದೆ. 2019ರ ತಿದ್ದುಪಡಿಯು ಕುಡಿದು ವಾಹನ ನಡೆಸಿದ್ದನ್ನು ವಿಮಾದಾರರ ಪ್ರತಿವಾದದ ಕಾರಣಗಳಲ್ಲಿ ಸೇರಿಸಿದೆ. ಆಗ ಎಫ್‌ಐಆರ್, ಮಹಜರು, ಪರೀಕ್ಷಾ ವರದಿ, ತೀರ್ಪು ಈ ನಾಲ್ಕರ ಪ್ರಮಾಣಿತ ಪ್ರತಿಗಳೇ ಆ ಮನೆಯ ಬದುಕನ್ನು ನಿರ್ಧರಿಸುತ್ತವೆ. ಅವನ್ನು ಪಡೆಯಲು ಮಧ್ಯವರ್ತಿಗಳ ಮೊರೆ ಹೋಗಬೇಕಾದ ಸ್ಥಿತಿ ಒಂದು ಕುಟುಂಬಕ್ಕೂ ಬರಬಾರದು. ಯಾವ ಕಾಗದಕ್ಕೆ ಯಾವ ಕಚೇರಿ, ಎಷ್ಟು ಶುಲ್ಕ ಎಂಬ ವಿವರ ಕನ್ನಡದಲ್ಲಿ ಠಾಣೆಯ ಬಾಗಿಲಲ್ಲಿಯೇ ಇರಬೇಕು.

ಹಳೆಯ ದಾಖಲೆಗಳ ಬಗೆಗೂ ಒಂದು ಮಾತು ಹೇಳಲೇಬೇಕಾಗಿದೆ. 1917ರ ದಾಖಲೆಗಳ ನಾಶ ಕಾಯ್ದೆಯು ನಿಗದಿತ ಅವಧಿ ಮುಗಿದ ಕಡತಗಳನ್ನು ನಾಶಪಡಿಸುವ ನಿಯಮಗಳನ್ನು ಮಾಡಲು ಉಚ್ಚ ನ್ಯಾಯಾಲಯಗಳಿಗೆ ಅಧಿಕಾರ ನೀಡಿದ್ದು, ಸಣ್ಣ ಪ್ರಕರಣಗಳ ಕಡತಗಳೇ ಮೊದಲು ಈ ನಿಯಮಕ್ಕೆ ಬಲಿಯಾಗುತ್ತವೆ. 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮವು ದಾಖಲೆಗಳ ಸಂರಕ್ಷಣೆಯನ್ನು ಸರ್ಕಾರಿ ಕಚೇರಿಗಳ ಕರ್ತವ್ಯವಾಗಿಸಿದೆ. ಹೊಸಕೋಟೆಯ ತಾಲ್ಲೂಕು ಕಚೇರಿಯಲ್ಲಿಯೂ ನ್ಯಾಯಾಲಯದಲ್ಲಿಯೂ ಉಳಿದಿರುವ ಅಪರಾಧ ರಿಜಿಸ್ಟರುಗಳನ್ನು, ವಿಶೇಷವಾಗಿ 1974ಕ್ಕಿಂತ ಹಿಂದಿನವನ್ನು, ನಾಶದ ಪಟ್ಟಿಗೆ ಸೇರಿಸುವ ಮುನ್ನ ರಾಜ್ಯ ಪತ್ರಾಗಾರ ಇಲಾಖೆಯ ತಜ್ಞರಿಗೆ ತೋರಿಸಿ, ಆಯ್ದವುಗಳನ್ನು ಛಾಯಾಪ್ರತಿ ಮಾಡಿಸಿ ಸಂಶೋಧಕರಿಗೆ ತೆರೆದಿಡುವ ಕೆಲಸವನ್ನು ಜಿಲ್ಲಾಡಳಿತ ಮತ್ತು ನ್ಯಾಯಾಂಗ ಕೂಡಿ ಕೈಗೊಳ್ಳಬೇಕು.